ಪರೋಪಜೀವಿಯ ವಕಾಲತ್ತು

ಮಾರ್ಚ್ ೩

ಮರೀ,

ಈ ಕಾಗದವನ್ನು ಒಬ್ಬ ಅಪರಾಧಿಯ ಹೇಳಿಕೆ ಎಂದು ತಿಳಿದು ಓದತಕ್ಕದ್ದು. ಕಳೆದ ಗುರುವಾರ ಬೆಳಿಗ್ಗೆ, ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿದ್ದ ವಾರಪತ್ರಿಕೆಯಿಂದ ಎರಡು ಹಾಳೆಗಳನ್ನು ನಾನು ಕದ್ದಿದ್ದೇನೆ. ಹರಿಯುವ ಸದ್ದು ಕೇಳಿಸದಿರಲೆಂದು ಜೋರಾಗಿ ಕೆಮ್ಮಿದೆ. ಕೆಮ್ಮು ಎಷ್ಟು ಸಹಜವಾಗಿತ್ತೆಂದರೆ ಎದುರಿಗೆ ಕೂತಿದ್ದ ಹೆಂಗಸು ಎದ್ದು ದೂರದ ಕುರ್ಚಿಗೆ ಹೋದಳು. ಒಳಗೆ ಡಾಕ್ಟರು "ಬಾಯಿ ಬಿಡಿ" ಅಂದಾಗ ವಿಚಾರಣೆ ಶುರುವಾಯಿತೆಂದೇ ತಿಳಿದೆ.

ಕದ್ದ ಮಾಲು ನಿನ್ನದೇ. "ಕಣ್ಣಿಗೆ ಕಾಣದ ಕೊಲೆಗಾರ" ಎಂಬ ತಲೆಬರಹ, ಕೆಳಗೆ ನಿನ್ನ ಹೆಸರು, ಮರಳ ಮೇಲೆ ಮಲಗಿದ ಸೀಲು ಎಂಬ ಕಡಲಪ್ರಾಣಿಯ ಚಿತ್ರ, ಅದರ ಪಕ್ಕದಲ್ಲಿ ಮಂಡಿಯೂರಿ ಕೂತ ನೀನು. ಇಬ್ಬರಲ್ಲಿ ಸೀಲೇ ಹೊಟ್ಟೆತುಂಬ ಉಂಡ ಹಾಗೆ ಕಾಣುತ್ತದೆ. ಸೀಲೆಂದರೆ ಕಚೇರಿಯಲ್ಲಿ ಕಾಗದದ ಮೇಲೆ ಗುದ್ದುವುದು ಎಂದಷ್ಟೇ ತಿಳಿದಿದ್ದವನು ನಾನು. ಅದಕ್ಕೂ ಮೀಸೆ ಇದೆ, ಅದೂ ಮರಿಗೆ ಹಾಲೂಡಿಸುತ್ತದೆ, ನೀನು ಕೆಲಸ ಮಾಡುವ ದ್ವೀಪದ ದಂಡೆಯಲ್ಲಿ ಅಂಥವು ಅರವತ್ತು ಚಿಲ್ಲರೆ ಮಾತ್ರ ಉಳಿದಿವೆ ಎಂಬುದೆಲ್ಲ ನಿನ್ನ ಲೇಖನದಿಂದ ತಿಳಿಯಿತು. ಚೆನ್ನಾಗಿ ಬರೆದಿದ್ದೀಯ. ಇದನ್ನು ಒಮ್ಮೆಯೇ ಹೇಳುತ್ತೇನೆ, ಗಮನವಿಟ್ಟು ಓದಿಕೊ.

ಆದರೆ ತಕರಾರಿದೆ. ನೀನು ಇಬ್ಬರನ್ನು ತಕ್ಕಡಿಯಲ್ಲಿಟ್ಟಿದ್ದೀಯ. ಒಂದು ಕಡೆ ಸೀಲು, ಇನ್ನೊಂದು ಕಡೆ ಟಾಕ್ಸೊಪ್ಲಾಸ್ಮಾ, ನನ್ನ ಟಾಕ್ಸೊಪ್ಲಾಸ್ಮಾ. ಸೀಲಿಗೆ ಮೂರು ಪ್ಯಾರಾ ಕಣ್ಣೀರು, ಅದಕ್ಕೆ ಮೂರು ಪ್ಯಾರಾ ಬೈಗುಳ. ಮೂರೂವರೆ ದಶಕ ಆ ಒಂದು ಕಣದ ಪರೋಪಜೀವಿಯ ಜೊತೆ ಸಂಸಾರ ಮಾಡಿದ ನಾನು ಸುಮ್ಮನೆ ಕೂತರೆ ಹೇಗೆ? ಗ್ರೀಕಿನಲ್ಲಿ ಟಾಕ್ಸೊ ಎಂದರೆ ಬಿಲ್ಲು, ಬಿಲ್ಲಿನ ಹಾಗೆ ಬಾಗಿರುವುದರಿಂದ ಅದಕ್ಕೆ ಆ ಹೆಸರು. ನಾವು ಲ್ಯಾಬಿನಲ್ಲಿ ಪ್ರೀತಿಯಿಂದ ಬಿಲ್ಲಪ್ಪ ಎನ್ನುತ್ತಿದ್ದೆವು. ಬಿಲ್ಲಪ್ಪನ ಪರವಾಗಿ ವಕಾಲತ್ತು ವಹಿಸುತ್ತಿದ್ದೇನೆ.

ಬೆಕ್ಕಿನ ಮಲದಲ್ಲಿ ಹೊರಬಿದ್ದು, ಚರಂಡಿ ಹಿಡಿದು ಕಡಲು ಸೇರಿ, ಸೀಲಿನ ಹೊಟ್ಟೆಗೆ ಹೋಗಿ ಕೊಲ್ಲುತ್ತಾನೆ ಎಂದು ಬರೆದಿದ್ದೀಯ. ಒಪ್ಪಿದೆ. ಆದರೆ ಅವನಿಗೆ ಬೇಕಾದದ್ದು ಸೀಲಲ್ಲ, ಬೆಕ್ಕು. ಬೆಕ್ಕಿನ ಕರುಳಿನಲ್ಲೇ ಅವನ ಮದುವೆ, ಮಕ್ಕಳು, ಮನೆ. ಇಲಿಯೊಳಗೆ ಹೊಕ್ಕರೆ ಎಂದಾದರೂ ಬೆಕ್ಕು ಇಲಿಯನ್ನು ಹಿಡಿದೀತು, ಊರು ಸೇರಿಯೇನು ಎಂಬ ಆಸೆಯಾದರೂ ಇದೆ. ಸೀಲನ್ನು ಯಾವ ಬೆಕ್ಕು ತಿಂದೀತು? ಕಡಲಿಗೆ ಬಿದ್ದ ಬಿಲ್ಲಪ್ಪ ತಪ್ಪು ವಿಳಾಸಕ್ಕೆ ಬಟವಾಡೆಯಾದ ಕಾಗದ. ಅವನ ವಂಶವೂ ಅಲ್ಲಿಗೆ ಮುಗಿಯಿತು. ನಿನ್ನ ಲೇಖನದಲ್ಲಿ ಆ ಸಾವಿಗೆ ಒಂದು ಅಲ್ಪವಿರಾಮವೂ ಇಲ್ಲ.

ಇನ್ನು, "ಎಚ್ಚರವಿಲ್ಲದ ಮನುಷ್ಯರೇ ಇದನ್ನು ಹರಡುವವರು" ಎಂಬ ಮಾತು. ಎಚ್ಚರವಿದ್ದವರೂ ಇದ್ದಾರಮ್ಮ. ಇಷ್ಟು ವರ್ಷ ದಿನಾ ಅವನನ್ನು ಕೈಯಾರೆ ಸಾಕಿ, ಎಣಿಸಿ, ಬಣ್ಣ ಹಾಕಿದರೂ ಒಂದೇ ಒಂದು ಕಣವನ್ನು ನಾನು ಮನೆಯ ಹೊಸ್ತಿಲು ದಾಟಿಸಲಿಲ್ಲ. ನನ್ನ ರಕ್ತವನ್ನೇ ಲ್ಯಾಬಿನವರು ಸೋಂಕಿಲ್ಲದ ರಕ್ತದ ಮಾದರಿ ಎಂದು ಇಟ್ಟುಕೊಂಡಿದ್ದರು. ಶಿಷ್ಯರ ಸೋಂಕನ್ನು ನನ್ನ ಶುದ್ಧಿಯ ಪಕ್ಕದಲ್ಲಿಟ್ಟು ಅಳೆಯುತ್ತಿದ್ದರು. ಇದನ್ನು ಜಂಬ ಎನ್ನುವವರಿಗೆ ನನ್ನ ಉತ್ತರ: ಹೌದು.

ಇಂತಿ,
ಪ್ರತಿವಾದಿಯ ವಕೀಲ, ನಿನ್ನ ಅಪ್ಪ

ಕೆಳಗೆ ಉಳಿದ ಜಾಗದಲ್ಲಿ ಅಮ್ಮ: ಎರಡು ವರ್ಷದಿಂದ ನಿನಗೆ ಕಾಗದ ಬರೀತೀನಿ ಬರೀತೀನಿ ಅಂತ ಪೆನ್ನು ಹಿಡ್ಕೊಂಡು ಕೂರೋರು. ಕೊನೆಗೆ ಬರೆದದ್ದು ಇದು. ನಿನ್ನ ಫೋಟೋನ ಕತ್ತರಿಸಿ ಹೊಲಿಗೆ ಮಿಷನ್ ಮೇಲೆ ಅಂಟಿಸಿದ್ದಾರೆ. ಸೀಲು ಅರ್ಧ ಹೋಗಿದೆ.


ಮಾರ್ಚ್ ೧೯

ಅಪ್ಪ,

ನಿನ್ನ ಕಕ್ಷಿದಾರನ ಅಹವಾಲು ತಲುಪಿತು. ದೋಣಿ ವಾರಕ್ಕೊಮ್ಮೆ ಬರುತ್ತದೆ, ಅದಕ್ಕೇ ತಡ.

ಎರಡು ವರ್ಷದ ಮೇಲೆ ನೀನು ಬರೆದ ಮೊದಲ ಕಾಗದ ಒಂದು ಕಣದ ಪರವಾಗಿ. ನನಗೆ ನಗು ಬಂತು. ಆಮೇಲೆ ಅಷ್ಟು ನಗು ಬರಲಿಲ್ಲ. ನಿನ್ನ ನಿವೃತ್ತಿಯ ಬೀಳ್ಕೊಡುಗೆಯ ದಿನ ನಿನ್ನ ಶಿಷ್ಯರೆಲ್ಲ ಇರುವಾಗ, ಬರಿಗಣ್ಣಿಗೆ ಕಾಣುವಂಥದ್ದು ಯಾವುದೂ ಅಪ್ಪನಿಗೆ ಕಾಣಲಿಲ್ಲ ಅಂದಿದ್ದೆ. ಅಂದದ್ದು ತಪ್ಪು ಅನ್ನುವುದಿಲ್ಲ. ಅಂದ ಜಾಗ ತಪ್ಪು.

ನಿನಗೆ ಅರವತ್ತು ಚಿಲ್ಲರೆ ಒಂದು ಸಂಖ್ಯೆ. ನನಗೆ ಅವು ಒಬ್ಬೊಬ್ಬರು. ಲೇಖನ ಬರೆದದ್ದು ಗೀರುಬೆನ್ನಿಗಾಗಿ. ಯಾವುದೋ ದೋಣಿಯ ಪ್ರೊಪೆಲ್ಲರ್ ತಾಗಿ ಅವಳ ಬೆನ್ನ ಮೇಲೆ ಉದ್ದ ಗೀರಿತ್ತು, ಅದರಿಂದ ಅವಳನ್ನು ದೂರದಿಂದಲೇ ಗುರುತಿಸುತ್ತಿದ್ದೆವು. ಜನವರಿಯಲ್ಲಿ ದಂಡೆಯಲ್ಲಿ ಸತ್ತು ಬಿದ್ದಿದ್ದಳು. ಕೊಯ್ದು ನೋಡಿದವಳು ನಾನೇ. ಶ್ವಾಸಕೋಶ, ಮೆದುಳು, ಎಲ್ಲಿ ನೋಡಿದರೂ ನಿನ್ನ ಬಿಲ್ಲಪ್ಪ. ಹೊಟ್ಟೆಯಲ್ಲಿ ಮರಿ ಇತ್ತು. ಮರಿಯಲ್ಲೂ ಅವನೇ. ತಪ್ಪು ವಿಳಾಸ ಎಂದು ನೀನು ಬರೆದದ್ದು ಚೆನ್ನಾಗಿದೆ. ಆದರೆ ಆ ವಿಳಾಸದಲ್ಲಿ ಯಾರೋ ವಾಸವಾಗಿದ್ದರು.

ನೀನು ಹೇಳಿದ ತಕ್ಕಡಿಯನ್ನೇ ಇನ್ನೊಮ್ಮೆ ಹಿಡಿಯುತ್ತೇನೆ. ನಿನ್ನವನು ಒಂದು ದಿನದಲ್ಲಿ ಎಷ್ಟಾಗುತ್ತಾನೋ ಅಷ್ಟು ನನ್ನವರು ಈ ಭೂಮಿ ಹುಟ್ಟಿದಾಗಿನಿಂದ ಆಗಿಲ್ಲ. ನನ್ನವಳು ವರ್ಷಕ್ಕೆ ಒಂದೇ ಮರಿ ಹಾಕುತ್ತಾಳೆ, ಅದೂ ಹಾಕಿದರೆ. ಹಾಲೂಡಿಸುವ ಅಷ್ಟೂ ವಾರ ಮರಿಯನ್ನು ಬಿಟ್ಟು ನೀರಿಗಿಳಿದು ಬೇಟೆಯಾಡುವುದಿಲ್ಲ, ಉಪವಾಸ. ಮರಿ ಉಬ್ಬುತ್ತದೆ, ಅವಳು ಒಣಗುತ್ತಾಳೆ. ಮರಿಯೂ ಬಿಲ್ಲಪ್ಪನೂ ಬದುಕುವುದು ಇನ್ನೊಬ್ಬರ ಮೈಯಿಂದಲೇ ಅಂತ ನೀನು ವಾದಿಸುತ್ತೀಯ, ಗೊತ್ತು. ಒಬ್ಬಳು ಕೊಡುತ್ತಾಳೆ, ಇನ್ನೊಬ್ಬ ತೆಗೆದುಕೊಳ್ಳುತ್ತಾನೆ. ವ್ಯತ್ಯಾಸ ಅಷ್ಟೇ.

ಒಂದು ಪ್ರಶ್ನೆ. ನಮ್ಮಲ್ಲೊಬ್ಬಳಿಗಾಗಿ ಕೇಳುತ್ತಿದ್ದೇನೆ. ಕೊಯ್ಯುವಾಗ ಗ್ಲೌಸು ಹರಿದು ಬೆರಳು ಕೊಯ್ದುಕೊಂಡರೆ ಸೋಂಕು ತಗಲುತ್ತದೆಯೆ? ತಗಲಿದ್ದು ರಕ್ತದಲ್ಲಿ ಎಷ್ಟು ದಿನಕ್ಕೆ ಗೊತ್ತಾಗುತ್ತದೆ?

ಅಮ್ಮನಿಗೆ ಹೇಳು, ಊಟ ಸರಿಯಾಗಿ ಮಾಡುತ್ತಿದ್ದೇನೆ.

ನಿನ್ನ,
ಮರಿ


ಮಾರ್ಚ್ ೨೭

ಮರೀ,

"ಅಂದದ್ದು ತಪ್ಪಲ್ಲ, ಅಂದ ಜಾಗ ತಪ್ಪು." ಇದು ಕ್ಷಮೆ ಕೇಳುವ ಪರಿಯಾದರೆ ನೀನು ಖಂಡಿತ ನನ್ನ ಮಗಳೇ. ಸ್ವೀಕರಿಸಿದ್ದೇನೆ. ಸೀಲು ಒತ್ತಿ ಕಡತಕ್ಕೆ ಸೇರಿಸಿದ್ದೇನೆ.

ಗೀರುಬೆನ್ನಿನ ಮರಿಯ ವಿಷಯವನ್ನು ವಕೀಲರು ಎರಡು ಸಲ ಓದಿದರು. ಆದರೂ ಒಂದು ಮಾತು: "ಪರೋಪಜೀವಿ"ಗೂ "ಪರೋಪಕಾರಿ"ಗೂ ನಡುವೆ ಇರುವುದು ಎರಡೇ ಅಕ್ಷರ. ಸಭೆ ಸಮಾರಂಭಗಳಲ್ಲಿ ಹಾರ ಹಾಕಿಸಿಕೊಳ್ಳುವವರನ್ನು ನೋಡಿದರೆ ಆ ಎರಡಕ್ಷರವೂ ಆಗಾಗ ಅಳಿಸಿಹೋಗಿರುತ್ತದೆ.

ನಿನ್ನ ಸಹೋದ್ಯೋಗಿಯ ಪ್ರಶ್ನೆಗೆ ಬರೋಣ. ತಾಜಾ ಹೆಣದ ದ್ರವ ಗಾಯಕ್ಕೆ ಸೇರಿದರೆ ತಗಲಬಹುದು. ಎರಡು ಮೂರು ವಾರದಲ್ಲಿ ರಕ್ತದಲ್ಲಿ ಪ್ರತಿಕಾಯ ಕಾಣುತ್ತದೆ, ಎಂದರೆ ದೇಹ ಅವನ ವಿರುದ್ಧ ಹೊರಡಿಸಿದ ಪೊಲೀಸರು. ಗಾಬರಿ ಬೇಡವೆನ್ನು. ಆರೋಗ್ಯವಂತರಿಗೆ ಒಂದು ವಾರ ನೆಗಡಿ ಜ್ವರದ ಹಾಗಾಗಿ ಹೋಗುತ್ತದೆ. ಬಿಲ್ಲಪ್ಪ ಸ್ನಾಯುವಿನಲ್ಲೋ ಮೆದುಳಿನಲ್ಲೋ ಒಂದು ಮೂಲೆ ಹಿಡಿದು ಜೀವನವಿಡೀ ಬಾಡಿಗೆ ಕೊಡದೆ ಇರುತ್ತಾನೆ, ತಂಟೆಯಿಲ್ಲ. ಲೋಕದಲ್ಲಿ ಕೋಟಿಗಟ್ಟಲೆ ಜನ ಹೀಗೆ ಅವನಿಗೆ ಮನೆ ಕೊಟ್ಟಿದ್ದಾರೆ, ಮಾಲೀಕರಿಗೆ ಸುದ್ದಿಯೇ ಇಲ್ಲ. ನಾನೊಬ್ಬ ಕೊಟ್ಟಿಲ್ಲ, ಅದು ಬೇರೆ ಮಾತು.

ಆಕೆ ಗರ್ಭಿಣಿಯಾಗಿದ್ದರೆ ಮಾತ್ರ ಮಗುವಿಗೆ ಅಪಾಯ. ಹಾಗಿದ್ದರೆ ಕಾಗದ ಬರೆಯುತ್ತ ಕೂರಬಾರದು, ತಕ್ಷಣ ಡಾಕ್ಟರ ಹತ್ತಿರ ಹೋಗಬೇಕೆಂದು ಹೇಳು. ಮತ್ತು ಗಟ್ಟಿ ಗ್ಲೌಸು ತರಿಸಿಕೊಳ್ಳಿ.

ಇಂತಿ,
ವಿಚಾರಿಸಿದವರಿಗೆಲ್ಲ ಉಚಿತ ಸಲಹೆ ಕೊಡುವ ಅಪ್ಪ

ಅಮ್ಮ: ನಿಮ್ಮಪ್ಪ ಸೂಕ್ಷ್ಮದರ್ಶಕ ನೋಡೋದು ಕಲಿತರು, ಸೂಕ್ಷ್ಮ ತಿಳ್ಕೊಳ್ಳೋದು ಕಲೀಲಿಲ್ಲ. ಇಷ್ಟುದ್ದ ಬರೆದು ಮಡಿಸಿಟ್ಟು ಪೇಪರ್ ಓದ್ತಾ ಕೂತಿದ್ದಾರೆ. ನನಗೆ ಅರ್ಥ ಆಯ್ತು ಕಣೇ. ಎಷ್ಟನೇ ತಿಂಗಳು?


ಏಪ್ರಿಲ್ ೯

ಅಪ್ಪ, ಅಮ್ಮ,

ಮೂರು ತುಂಬಿತು. ಜನವರಿಯಲ್ಲಿ ಗೀರುಬೆನ್ನನ್ನು ಕೊಯ್ಯುವಾಗ ನನಗೆ ಗೊತ್ತಿರಲಿಲ್ಲ. ಬೆರಳು ಕೊಯ್ದುಕೊಂಡವಳು ನಾನೇ.

ಹಿಂದೆ ಎರಡು ಸಲ ಉಳಿಯಲಿಲ್ಲ. ನಿಮಗೆ ಹೇಳಿರಲಿಲ್ಲ. ಈ ಸಲವೂ ಒಂದು ಹಂತ ದಾಟಿದ ಮೇಲೆ ಹೇಳೋಣ ಅಂದುಕೊಂಡಿದ್ದೆವು.

ಡಾಕ್ಟರ ಹತ್ತಿರ ಹೋಗಿ ಬಂದೆ. ರಕ್ತದಲ್ಲಿ ಪ್ರತಿಕಾಯ ಇದೆ. ಅದು ಜನವರಿಯದ್ದೋ ಅಥವಾ ಹಳೆಯದ್ದೋ ಎಂದು ಈ ಪರೀಕ್ಷೆಯಿಂದ ಹೇಳಲಾಗುವುದಿಲ್ಲವಂತೆ. ಹಳೆಯದಾದರೆ ಮಗುವಿಗೆ ಏನೂ ಆಗದು, ಹೊಸದಾದರೆ ಹೇಳಲಿಕ್ಕಾಗದು ಅಂದರು. ಅದನ್ನು ಪತ್ತೆಮಾಡಲು ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಿದ್ದಾರೆ. ಯಾವ ಲ್ಯಾಬು ಗೊತ್ತೆ? ನಿನ್ನದೇ. ಫಲಿತಾಂಶ ಬರುವವರೆಗೆ ಇರಲಿ ಎಂದು ಮಾತ್ರೆ ಶುರುಮಾಡಿದ್ದಾರೆ.

ಅಪ್ಪ, ಜೋಕಿಲ್ಲದ ಒಂದು ಕಾಗದ ಬರೆಯುತ್ತೀಯಾ?

ಮರಿ


ಏಪ್ರಿಲ್ ೧೪

ಮರೀ,

ಬರೆಯುತ್ತೇನೆ.

ನಿನ್ನ ಕಾಗದ ಬಂದಾಗ ಅಮ್ಮ ಯಾರದೋ ಕೋಟಿನ ಒಳಪದರ ಬಿಚ್ಚುತ್ತಿದ್ದಳು. ಓದಿ ಹೇಳಿದೆ. ಎರಡು ಸಲದ ಮಾತು ಬಂದಾಗ ಅವಳು ಕತ್ತರಿ ಕೆಳಗಿಟ್ಟಳು. ನಾನು ಹಿಂದಿನ ಕಾಗದದಲ್ಲಿ "ಆಕೆ ಗರ್ಭಿಣಿಯಾಗಿದ್ದರೆ ಮಾತ್ರ" ಎಂದು ಎಷ್ಟು ಸಲೀಸಾಗಿ ಬರೆದುಬಿಟ್ಟೆ ಎಂದು ಯೋಚಿಸುತ್ತ ಕೂತೆ.

ಪರೀಕ್ಷೆ ಏನೆಂದು ಹೇಳುತ್ತೇನೆ, ತಿಳಿದಿದ್ದರೆ ಕಾಯುವುದು ಸ್ವಲ್ಪ ಸುಲಭ. ಹೊಸದಾಗಿ ಹುಟ್ಟಿದ ಪ್ರತಿಕಾಯ ಬಿಲ್ಲಪ್ಪನನ್ನು ಸಡಿಲವಾಗಿ ಹಿಡಿಯುತ್ತದೆ. ತಿಂಗಳುಗಳು ಕಳೆದಂತೆ ಹಿಡಿತ ಬಿಗಿಯಾಗುತ್ತದೆ. ರಕ್ತಕ್ಕೆ ಒಂದು ದ್ರಾವಣ ಸುರಿದು ತೊಳೆಯುತ್ತಾರೆ. ಸಡಿಲ ಹಿಡಿತದ್ದು ಕಳಚಿ ಹೋಗುತ್ತದೆ, ಬಿಗಿಯದ್ದು ಉಳಿಯುತ್ತದೆ. ಉಳಿದರೆ ಸೋಂಕು ಹಳೆಯದು. ಎಂದರೆ ನಿನ್ನ ಮೈ ಎಂದೋ ಅವನನ್ನು ಕಂಡು ಕಟ್ಟಿಹಾಕಿದೆ, ಮಗುವಿನ ಹತ್ತಿರ ಅವನು ಸುಳಿಯಲಾರ. ಹೊಸ ಪ್ರತಿಕಾಯವೆಂದರೆ ಹೊಸ ಅಳಿಯನ ಹಾಗೆ,

(ಇಲ್ಲಿ ಒಂದೂವರೆ ಸಾಲು ಹೊಡೆದುಹಾಕಿದ್ದೇನೆ. ಅಭ್ಯಾಸಬಲ.)

ಹೊಸದೇ ಆದರೂ ಕೈಚೆಲ್ಲಬೇಕಾಗಿಲ್ಲ. ಎಲ್ಲ ಮಕ್ಕಳಿಗೂ ತಗಲುವುದಿಲ್ಲ. ಕೊಟ್ಟ ಮಾತ್ರೆ ಸರಿಯಾದದ್ದೇ, ತಪ್ಪಿಸಬೇಡ.

ನಿನ್ನೆ ಲ್ಯಾಬಿಗೆ ಹೋಗಿದ್ದೆ. ನಿನ್ನ ರಕ್ತದ ಪರೀಕ್ಷೆ ನಾನೇ ಮಾಡುತ್ತೇನೆಂದೆ. ಈಗ ಅಲ್ಲಿ ಮುಖ್ಯಸ್ಥೆಯಾಗಿರುವವಳು ನನ್ನ ಶಿಷ್ಯೆ. "ಸರ್, ಮನೆಯವರ ಸ್ಯಾಂಪಲ್ ಮುಟ್ಟಬಾರದು ಅಂತ ರೂಲ್ ಮಾಡಿದ್ದು ನೀವೇ ಅಲ್ವಾ" ಅಂದು ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದಳು. ಆ ಬೆಂಚಿನ ಮೇಲೆ ನಾನು ಎಂದೂ ಕೂತಿರಲಿಲ್ಲ. ಗೋಡೆಯ ಮೇಲೆ ಎಲ್ಲ ಕಡೆ ನನ್ನ ಅಕ್ಷರದಲ್ಲೇ ಸೂಚನೆಗಳು. ಕಾಯುವವರಿಗೆ ಒಂದು ಲೋಟ ನೀರು ಎಲ್ಲಿ ಸಿಗುತ್ತದೆ ಎಂಬುದನ್ನು ಮಾತ್ರ ನಾನು ಎಲ್ಲೂ ಬರೆಸಿಲ್ಲ.

ಬಂದುಹೋಗಲೆ ಎಂದು ಅಮ್ಮ ಕೇಳುತ್ತಿದ್ದಾಳೆ. ನಾನೂ ಕೇಳುತ್ತಿದ್ದೇನೆ.

ಅಪ್ಪ


ಏಪ್ರಿಲ್ ೨೪

ಅಪ್ಪ,

ಜೋಕಿಲ್ಲದ ಕಾಗದಕ್ಕೆ ಥ್ಯಾಂಕ್ಸ್. ಹೊಡೆದುಹಾಕಿದ ಒಂದೂವರೆ ಸಾಲನ್ನು ನಿನ್ನ ಅಳಿಯ ಬೆಳಕಿಗೆ ಹಿಡಿದು ಓದಲು ನೋಡಿದ. ಆಗಲಿಲ್ಲ. "ನಿಮ್ಮಪ್ಪ ಜೋಕ್ ಹೊಡೆದುಹಾಕ್ತಿದ್ದಾರೆ ಅಂದ್ರೆ ನಿಜವಾಗ್ಲೂ ಹೆದರಿದ್ದಾರೆ ಕಣೇ" ಅಂದು ದೋಣಿಯ ಎಂಜಿನ್ ಬಿಚ್ಚಲು ಹೋದ. ಹೆದರಿದಾಗ ಅವನು ಎಂಜಿನ್ ಬಿಚ್ಚುತ್ತಾನೆ. ಈ ತಿಂಗಳು ಅದು ಮೂರನೇ ಸಲ. ಎಂಜಿನ್ ಚೆನ್ನಾಗಿಯೇ ಇದೆ.

ನೀನು ಬರೆಯದೆ ಬಿಟ್ಟದ್ದು ಹೊಡೆದುಹಾಕಿದ ಸಾಲಿಗಿಂತ ಚೆನ್ನಾಗಿ ಕಾಣಿಸಿತು. ನಾನು ಹುಟ್ಟಿ ಬೆಳೆದದ್ದು ನಿನ್ನ ಮನೆಯಲ್ಲಿ. ಬಾಗಿಲಲ್ಲೇ ನೀನು ನನ್ನ ಕೈ ತೊಳೆಸುತ್ತಿದ್ದೆ. ಹಣ್ಣು ಮೂರು ನೀರಲ್ಲಿ ಮುಳುಗಿ ಎದ್ದ ಮೇಲೆ ತಟ್ಟೆಗೆ ಬರುತ್ತಿತ್ತು. ಯಾವ ಬೆಕ್ಕು ಮುಟ್ಟಿದರೂ ಸ್ನಾನ. ಅಲ್ಲಿಂದ ಹಾಸ್ಟೆಲಿಗೆ ಹೋದವಳು ನಿನ್ನ ಪಾಠ ಬಾಯಿಪಾಠ ಮಾಡಿಕೊಂಡೇ ಹೋದೆ. ಆ ಮನೆಯ ಹೊಸ್ತಿಲನ್ನು ಒಂದು ಕಣವೂ ದಾಟಲಿಲ್ಲ ಎನ್ನುವುದು ನಿಜವಾದರೆ ನನ್ನ ಸೋಂಕು ಹಳೆಯದಾಗಿರಲು ದಾರಿಯೇ ಇಲ್ಲ. ಇದು ನಿನಗೆ ಹೊಳೆದಿದೆ. ಹೊಳೆದೇ ಆ ಜಂಬದ ಮಾತು ಈ ಸಲ ಬರಲಿಲ್ಲ.

ಆದ್ದರಿಂದ ಅಪ್ಪ, ಜೀವಮಾನದಲ್ಲಿ ಮೊದಲ ಸಲ ನೀನು ತಪ್ಪಾಗಿರಲಿ ಎಂದು ಪೂರ್ತಿ ಮನಸ್ಸಿನಿಂದ ಬಯಸುತ್ತಿದ್ದೇನೆ. ಮೊದಲ ಸಲ ಅನ್ನುವುದು ಸುಳ್ಳು, ಆದರೆ ಪೂರ್ತಿ ಮನಸ್ಸಿನಿಂದ ಅನ್ನುವುದು ನಿಜ.

ನೀವು ಈಗ ಬರುವುದು ಬೇಡ. ಬಂದರೆ ಮೂರು ಜನ ನನ್ನ ಮುಖ ನೋಡುತ್ತ ಕೂರುತ್ತೀರಿ. ಇಲ್ಲಿ ನೋಡಲು ಬೇರೆಯವರಿದ್ದಾರೆ. ಸೋಮವಾರ ಬಂಡೆಯ ಹಿಂದೆ ಒಂದು ಮರಿ ಹುಟ್ಟಿದೆ. ಕಪ್ಪಗೆ, ಅಣ್ಣನ ಕೋಟು ತೊಟ್ಟ ಹಾಗೆ ಚರ್ಮ ಜೋತಾಡುತ್ತದೆ. ದಿನಾ ದೂರದಲ್ಲಿ ಕೂತು ನೋಡುತ್ತೇನೆ. ಅದು ಹಾಲಿಗಾಗಿ ಹುಡುಕುವುದು ಮೊದಲು ಯಾವಾಗಲೂ ತಾಯಿಯ ತಲೆಯ ಕಡೆ. ಅವಳು ತಾಳ್ಮೆಯಿಂದ ಹೊರಳಿ ಕೊಡುತ್ತಾಳೆ. ಎರಡು ಗಂಟೆ ಕೂತರೆ ಅಷ್ಟು ಹೊತ್ತು ರಕ್ತದ ವಿಷಯ ನೆನಪಾಗುವುದಿಲ್ಲ.

ನಿನ್ನ ಬಿಲ್ಲಪ್ಪನ ಬಗ್ಗೆಯೂ ಯೋಚಿಸಿದೆ. ಅವನಿಗೆ ನನ್ನ ಮೇಲೆ ಸಿಟ್ಟಿಲ್ಲ, ಗೀರುಬೆನ್ನಿನ ಮೇಲೂ ಇರಲಿಲ್ಲ. ತಲೆಬರಹದಲ್ಲಿ ಕೊಲೆಗಾರ ಅಂದದ್ದು ಹೆಚ್ಚಾಯಿತು. ಅಷ್ಟು ಒಪ್ಪುತ್ತೇನೆ. ಇದಕ್ಕಿಂತ ಹೆಚ್ಚು ಈಗ ಕೇಳಬೇಡ.

ಮರಿ


ಮೇ ೪

ಅಪ್ಪ, ಅಮ್ಮ,

ದೋಣಿ ಹೊರಡುತ್ತಿದೆ, ಚಿಕ್ಕದಾಗಿ ಬರೆಯುತ್ತೇನೆ.

ಬಿಗಿ ಹಿಡಿತ. ಹಳೆಯದು. ಬಹಳ ಹಳೆಯದಿರಬೇಕು ಅಂದರು. ಮಾತ್ರೆ ನಿಲ್ಲಿಸಿದರು. ಸ್ಕ್ಯಾನಿನಲ್ಲಿ ಮಗು ಕೈ ಅಡ್ಡ ಇಟ್ಟುಕೊಂಡು ಮುಖ ತೋರಿಸಲಿಲ್ಲ, ಉಳಿದದ್ದೆಲ್ಲ ಸರಿಯಾಗಿದೆ. ನಿನ್ನ ಅಳಿಯ ಎಂಜಿನ್ ಜೋಡಿಸಿದ. ಒಂದು ಬೋಲ್ಟು ಉಳಿದಿದೆ, ಎಲ್ಲಿಯದೋ ತಿಳಿಯುತ್ತಿಲ್ಲ.

ಈಗ ನಿಶ್ಚಿಂತೆಯಿಂದ ಕೇಳಬಹುದು. ವಕೀಲರೇ, ನಿಮ್ಮ ಕಕ್ಷಿದಾರ ನನ್ನೊಳಗೆ ಬಂದದ್ದು ಯಾವ ಬಾಗಿಲಿಂದ?

ಈಗ ಬನ್ನಿ. ಇಬ್ಬರೂ.

ಮರಿ


ಮೇ ೧೬

ಮರೀ,

ನಿನ್ನ ಕಾಗದ ಓದಿ ಅಮ್ಮ ಮಿಷನ್ನಿಗೆ ತಲೆಯಾನಿಸಿ ಕೂತಳು. ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದೆ. ಆಮೇಲೆ ಎಲ್ಲ ಗಂಡಸರ ಹಾಗೆ ತಪ್ಪು ಯಾರದೆಂದು ಹುಡುಕಲು ಶುರುಮಾಡಿದೆ.

ಮೊದಲ ಆರೋಪಿ ನಿನ್ನ ಹಾಸ್ಟೆಲಿನ ಅಡುಗೆಯವನು. ಎರಡನೆಯ ಆರೋಪಿ ಅಮ್ಮ. ನಾನು ಬೇಡವೆಂದರೂ ಮೆಟ್ಟಿಲಡಿಯ ಬೆಕ್ಕುಗಳಿಗೆ ನೀನು ಹುಟ್ಟುವ ಮೊದಲಿನಿಂದಲೂ ಹಾಲು ಹಾಕುತ್ತ ಬಂದವಳು. "ಈ ಬೆಕ್ಕಿನಿಂದಲೇ, ನಿನ್ನ ಕೈಯಿಂದಲೇ" ಎಂದು ನಾಲ್ಕು ದಿನ ಉಪನ್ಯಾಸ ಕೊಟ್ಟೆ. ಒಂದು ಸೋಂಕು ಒಳ್ಳೆಯದು ಮಾಡಿದ್ದಕ್ಕೂ ಹೆಂಡತಿಯನ್ನು ಬೈಯಬಲ್ಲವನು ಲೋಕದಲ್ಲಿ ನಾನೊಬ್ಬನೇ ಇರಬೇಕು. ಐದನೆಯ ದಿನ ಅವಳು ಚಪ್ಪಲಿ ಮೆಟ್ಟಿ ನಿಂತಳು. "ನಡೀರಿ, ಇಬ್ಬರ ರಕ್ತಾನೂ ನೋಡಲಿ."

"ನನ್ನದು ನೋಡೋದೇನಿದೆ? ನನ್ನ ರಕ್ತವೇ ಮಾದರಿ."

"ಯಾವಾಗ ಕೊಟ್ಟಿದ್ದು ಆ ಮಾದರೀನ?"

"ಕೆಲಸಕ್ಕೆ ಸೇರಿದ ವರ್ಷ."

"ಆಮೇಲೆ?"

ಆಮೇಲೆ ಕೊಟ್ಟಿರಲಿಲ್ಲ, ಮರೀ. ಮೊದಲ ವರ್ಷ ತೆಗೆದ ರಕ್ತ ಖಾಲಿಯಾದ ಮೇಲೆ ಬೇರೆಯವರದು ಬಂತು. ನಾನು ಮಾತ್ರ ಆ ಒಂದು ಸೀಸೆಯ ಬಲದ ಮೇಲೆ ನಿವೃತ್ತಿಯವರೆಗೆ ಭಾಷಣ ಮಾಡಿದೆ. ಶಿಷ್ಯರನ್ನೆಲ್ಲ ವರ್ಷಕ್ಕೊಮ್ಮೆ ಸೂಜಿ ಚುಚ್ಚಿಸಿ ಪರೀಕ್ಷಿಸುತ್ತಿದ್ದವನಿಗೆ ತನ್ನದನ್ನು ನೋಡಬೇಕೆಂದು ಎಂದೂ ಅನ್ನಿಸಲಿಲ್ಲ. ಶುದ್ಧವೆಂದು ಗೊತ್ತಿದ್ದದ್ದನ್ನು ಯಾರು ಪರೀಕ್ಷಿಸುತ್ತಾರೆ?

ಫಲಿತಾಂಶ ಬಂತು. ಮೂವತ್ತು ವರ್ಷ ಬೆಕ್ಕು ಸಾಕಿದ ಅಮ್ಮನ ರಕ್ತದಲ್ಲಿ ಏನೂ ಇಲ್ಲ, ಕನ್ನಡಿಯ ಹಾಗೆ. ನನ್ನದನ್ನು ಓದುವಾಗ ಮುಖ್ಯಸ್ಥೆ ತುಟಿ ಕಚ್ಚಿಕೊಂಡಳು. "ಸರ್, ಇಷ್ಟು ಬಿಗಿಯಾಗಿ ಹಿಡ್ಕೊಂಡಿರೋದು ಈ ವರ್ಷ ಯಾರದೂ ಬಂದಿಲ್ಲ."

"ಇವರಿಗೆ ಎಲ್ಲದರಲ್ಲೂ ಫಸ್ಟ್ ಕ್ಲಾಸೇ ಆಗ್ಬೇಕು" ಅಂದಳು ಅಮ್ಮ.

ಹೇಗೆ ಸಾಧ್ಯ, ನಾನು ನಿಯಮ ಮೀರಿದವನಲ್ಲ ಎಂದು ನಾನು ಗುಡುಗಿದೆ. ಮುಖ್ಯಸ್ಥೆ ಬಹಳ ಮರ್ಯಾದೆಯಿಂದ ಹೇಳಿದಳು: "ಸರ್, ಸೂಕ್ಷ್ಮದರ್ಶಕದ ಹಿಂದೆ ನಿಮ್ಮ ಟೀ ಲೋಟ ಇರ್ತಿತ್ತಲ್ಲ, ಅದು ನಮಗೆಲ್ಲಾ ಗೊತ್ತಿತ್ತು. ಇನ್‌ಸ್ಪೆಕ್ಷನ್‌ಗೆ ಯಾರಾದ್ರೂ ಬಂದ್ರೆ ನಾವೇ ಎತ್ತಿಡ್ತಿದ್ವಿ." ಒಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ ಎಂದು ನನ್ನ ಅಕ್ಷರದಲ್ಲಿ ಬರೆದ ಬೋರ್ಡು ಅವಳ ತಲೆಯ ಮೇಲೆಯೇ ಇತ್ತು. ಅಮ್ಮ ಅದನ್ನು ಕೊನೆಯವರೆಗೆ ನಿಧಾನವಾಗಿ ಓದಿದಳು.

ಈ ಕಾಗದ ಮೊದಲ ದೋಣಿಗೆ, ನಾವು ಅದರ ಮುಂದಿನ ಭಾನುವಾರದ ದೋಣಿಗೆ ಬರುತ್ತಿದ್ದೇವೆ. ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಇಲ್ಲೇ ಬರೆದು ಮುಗಿಸುತ್ತೇನೆ. ಇದು ಮುಖ್ಯಸ್ಥೆಗೆ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲ. ಇದೇ ಬಾಗಿಲು ಎಂದು ಸಾಬೀತು ಮಾಡಲಾರೆ, ಆದರೆ ಬೇರೆ ಬಾಗಿಲು ನನಗೆ ಕಾಣುತ್ತಿಲ್ಲ.

ಆ ಟೀ ಜೊತೆ ಎರಡು ಬಿಸ್ಕತ್ತು ಬರುತ್ತಿತ್ತು. ಒಂದನ್ನು ನಾನು ತಿನ್ನುತ್ತಿದ್ದೆ. ಇನ್ನೊಂದನ್ನು ಹುಡುಗರು ನೋಡುವ ಮೊದಲೇ, ಹಾಕಿದ ಗ್ಲೌಸಿನಲ್ಲೇ, ಸೋಸುವ ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗಿಳಿಸುತ್ತಿದ್ದೆ. ಸಂಜೆ ನೀನು ಮೆಟ್ಟಿಲ ಮೇಲೆ ಕಾದು ಕೂತಿರುತ್ತಿದ್ದೆ. ನಿನ್ನ ಎರಡೂ ಕೈಗಳನ್ನು ಮೊಣಕೈವರೆಗೆ ಸೋಪು ಹಾಕಿ ತೊಳೆಸಿ, ಒರೆಸಿ, ಅಂಗಡಿಯಿಂದ ತಂದೆ ಎಂದು ಹೇಳಿ ಕೊಡುತ್ತಿದ್ದೆ.

ಅಂಗಡಿಯದಲ್ಲ, ಮರೀ.

ಅಪ್ಪ